ಕಾರ್ನ್‌ವಾಲ್‌ನಲ್ಲಿ ಒನಕೆ ನಿಲ್ಲಿಸಿದ್ದು

ಆರ್‌ಪಿಸಿ ಲೇಔಟ್

ಇಂಗ್ಲೆಂಡಿಗೆ ಹೋಗುವವರು ಉಪ್ಪಿನಕಾಯಿ, ಚಟ್ನಿಪುಡಿ, ಹುರಿಗಾಳು ತೆಗೆದುಕೊಂಡು ಹೋಗುತ್ತಾರೆ. ನಾನು ಒನಕೆ ತೆಗೆದುಕೊಂಡು ಹೋದೆ. ನಾಲ್ಕೂಕಾಲು ಅಡಿ ಉದ್ದ, ತುದಿಗೆ ಕಬ್ಬಿಣದ ಬಳೆ, ನಡುವೆ ಅಮ್ಮ ಹಿಡಿದು ಹಿಡಿದು ಸವೆಸಿದ ಜಾಗ. ಅದು ಇದ್ದದ್ದು ಬಸವೇಶ್ವರನಗರದ ನನ್ನ ಮನೆಯಲ್ಲಲ್ಲ, ಆರ್‌ಪಿಸಿ ಲೇಔಟಿನ ರತ್ನಕ್ಕನ ಮನೆಯ ಅಟ್ಟದಲ್ಲಿ. ಸ್ಕೂಟರಿನಲ್ಲಿ ಹೋಗಿ ಕೇಳಿದೆ.

"ಏನಕ್ಕೋ?" ಎಂದಳು ಅಕ್ಕ.

"ಒಂದು ನಾಟಕಕ್ಕೆ."

"ಅರವತ್ತು ಹತ್ರ ಬಂತು, ಈಗ ನಾಟಕ ಬೇರೆ. ಯಾವ ಪಾರ್ಟೋ ನಿಂದು, ಭತ್ತ ಕುಟ್ಟೋದಾ?"

"ಒನಕೆ ನಿಲ್ಲಿಸೋದು."

ಅಕ್ಕ ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ, "ತಗೊಂಡ್ಹೋಗು. ಒಡೆದು ಗಿಡೆದು ತಂದ್ರೆ ಮನೆ ಒಳಗೆ ಸೇರಿಸಲ್ಲ," ಎಂದು ಹೇಳಿ ಸ್ಟೂಲು ತರಲು ಹೋದಳು.

ವಿಷಯ ಇಷ್ಟು. ಗ್ರಹಣದ ಹೊತ್ತಿನಲ್ಲಿ ಹಿತ್ತಾಳೆ ತಾಂಬಾಳದಲ್ಲಿ ನೀರು ಹಾಕಿ ಒನಕೆ ಇಟ್ಟರೆ ಅದು ಯಾರ ಆಸರೆಯೂ ಇಲ್ಲದೆ ನೆಟ್ಟಗೆ ನಿಲ್ಲುತ್ತದೆ, ಗ್ರಹಣ ಬಿಟ್ಟ ಕೂಡಲೇ ಬೀಳುತ್ತದೆ ಎಂಬ ಮಾತನ್ನು ಕೇಳದ ಕನ್ನಡಿಗರಿಲ್ಲ. ನನಗೆ ಒಂಬತ್ತು ವರ್ಷವಾಗಿದ್ದಾಗ ದೊಡ್ಡ ಸೂರ್ಯಗ್ರಹಣವಾಯಿತು. ನಾವು ಆಗ ರಾಜಾಜಿನಗರದ ಒಂದು ವಠಾರದಲ್ಲಿದ್ದೆವು. ಬೀದಿಯಲ್ಲಿ ನಾಯಿಯೂ ಇರಲಿಲ್ಲ. ಅನ್ನದ ಪಾತ್ರೆಯ ಮೇಲೆ ದರ್ಭೆ, ಕಿಟಕಿಗೆಲ್ಲ ಚಾದರ. ವಠಾರದ ಮಾಲೀಕರ ತಾಯಿ ಒನಕೆ ನಿಲ್ಲಿಸಿ, "ನೋಡ್ರೋ, ಇವತ್ತು ಬಿಟ್ರೆ ಇನ್ಯಾವತ್ತೂ ನಿಲ್ಲಲ್ಲ," ಎಂದರು. ಮಾರನೆಯ ದಿನ ನಾನು, ಗ್ರಹಣ ಗಿಹಣ ಏನೂ ಇಲ್ಲದ ಹಾಡುಹಗಲು, ಅಂಗಳದಲ್ಲಿ ಅಮ್ಮನ ಒನಕೆಯನ್ನು ತಾಂಬಾಳದ ಅರಿಶಿನ ನೀರಿನಲ್ಲಿ ನಿಲ್ಲಿಸಿ ತೋರಿಸಿದೆ. ವಠಾರಕ್ಕೆ ವಠಾರವೇ ನೋಡಿತು. ತಳ ಸಮವಾಗಿದ್ದರೆ ಯಾವ ದಿನವಾದರೂ ನಿಲ್ಲುತ್ತದೆ, ಅಷ್ಟೇ. ನಾನು ಜ್ಞಾನಭಾರತಿಯಲ್ಲಿ ಭೌತಶಾಸ್ತ್ರ ಓದಿದ್ದು, ಮೇಷ್ಟರಾಗಿ ನಾಲ್ಕು ಕಾಲೇಜು ಬದಲಾಯಿಸಿದ್ದು, ಪ್ರತಿ ಗ್ರಹಣಕ್ಕೂ ಯಾವುದಾದರೊಂದು ಸಭಾಂಗಣದಲ್ಲಿ ನಿಂತು ಮೂಢನಂಬಿಕೆಯ ವಿರುದ್ಧ ಗಂಟಲು ಹರಿದುಕೊಂಡದ್ದು, ಎಲ್ಲದರ ಮೂಲ ಆ ಬೆಳಿಗ್ಗೆ.

ಜೆನ್ನಿ ಎಂಬ ಇಂಗ್ಲಿಷ್ ನಿರ್ದೇಶಕಿ ಜ್ಞಾನಭಾರತಿಗೆ ಒಂದು ಗೋಷ್ಠಿಗೆ ಬಂದಾಗ ನಾನು ಇದೇ ಕಥೆ ಹೇಳಿದೆ. ಆಕೆ ತನ್ನ ಊರಿನ ಗ್ರಹಣದ ಬಗ್ಗೆ ಒಂದು ರಂಗಪ್ರಯೋಗ ಮಾಡುತ್ತಿದ್ದಳು. ಬಂದು ಆ ಒನಕೆಯನ್ನು ಅಲ್ಲಿಯೂ ನಿಲ್ಲಿಸುತ್ತೀರಾ ಎಂದು ಕೇಳಿದಳು. ಒಪ್ಪಿಕೊಂಡೆ. ಊರು ಬಿಡುವ ಮುಂಚೆ ಒಂದು ಸಲವಾದರೂ ನಿಲ್ಲಿಸಿ ನೋಡಿದೆನೇ? ಇಲ್ಲ. ಒಂಬತ್ತನೆಯ ವಯಸ್ಸಿನ ಮೇಲೆ ನಾನು ಅದನ್ನು ಮುಟ್ಟಿಯೇ ಇರಲಿಲ್ಲ. ಈಜು ಬರುವವನು ಹಾಸಿಗೆಯ ಮೇಲೆ ಕೈಕಾಲು ಬಡಿದು ನೋಡುವುದಿಲ್ಲವಲ್ಲ ಎಂದುಕೊಂಡಿದ್ದೆ.

ಎರಡು ವಿಮಾನ ನಿಲ್ದಾಣ

ಬೆಂಗಳೂರಿನಲ್ಲಿ ಲಗೇಜು ಪರೀಕ್ಷಿಸುವ ತರುಣ ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿದ್ದ ಒನಕೆಯನ್ನು ಬಿಚ್ಚಿಸಿದ.

"ಸಾರ್, ಇದೇನ್ ಸಾರ್?"

"ಒನಕೆ."

"ಗೊತ್ತು ಸಾರ್. ನಮ್ಮಜ್ಜಿ ಮನೇಲೂ ಇತ್ತು. ಫಾರಿನ್‌ಗೆ ಯಾಕೆ ಅಂತ."

"ಗ್ರಹಣ ಇಲ್ಲದಿದ್ದರೂ ನಿಲ್ಲುತ್ತೆ ಅಂತ ತೋರಿಸೋಕೆ."

ಆತ ಪಕ್ಕದವನನ್ನು ಕರೆದ. "ಮಗಾ, ಇಲ್ಲಿ ನೋಡು, ಸಾರ್ ಒನಕೆ ತಗೊಂಡು ಲಂಡನ್‌ಗೆ ಹೋಗ್ತಾ ಇದಾರೆ. ಗ್ರಹಣ ಇಲ್ದೆ ನಿಲ್ಲಿಸ್ತಾರಂತೆ."

"ಆಗಲ್ಲ ಸಾರ್," ಎಂದ ಪಕ್ಕದವನು, ಖಚಿತವಾಗಿ. ಸಮವಸ್ತ್ರ ತೊಟ್ಟು ಎಕ್ಸ್‌ರೇ ಯಂತ್ರದ ಮುಂದೆ ಕೂತವನ ಮಾತು ಇದು. ಹಿಂದೆ ಸಾಲು ಬೆಳೆಯುತ್ತಿದ್ದರೂ ಅಲ್ಲಿಯೇ ಐದು ನಿಮಿಷ ಗುರುತ್ವಕೇಂದ್ರದ ಬಗ್ಗೆ ಪಾಠ ಮಾಡಿದೆ. "ಆಯ್ತು ಸಾರ್, ವಿಮಾನ ಹೊರಟುಹೋಗತ್ತೆ," ಎಂದು ಅವರೇ ನನ್ನನ್ನು ಸಾಗಹಾಕಿದರು.

ಇಂಗ್ಲೆಂಡಿನಲ್ಲಿ ಇನ್ನೊಂದು ಬಗೆಯ ಅವಮಾನ. ಅಲ್ಲಿನ ಅಧಿಕಾರಿಣಿ ಕೈಗವಸು ಹಾಕಿಕೊಂಡು ಒನಕೆಯನ್ನು ಮೂಸಿ, ಮರದಲ್ಲಿ ಹುಳ ಇದೆಯೇ ಎಂದು ಕೇಳಿದಳು. ಅರವತ್ತು ವರ್ಷ ಭತ್ತ, ಅವಲಕ್ಕಿ, ಮೆಣಸಿನಕಾಯಿ ಕುಟ್ಟಿದ ಮರದಲ್ಲಿ ಯಾವ ಹುಳ ಬದುಕುತ್ತದೆ? ಇದರಿಂದ ಯಾರನ್ನಾದರೂ ಹೊಡೆಯುವ ಉದ್ದೇಶವಿದೆಯೇ ಎಂದೂ ಕೇಳಿದಳು. ಆಗ ಇರಲಿಲ್ಲ. ಎರಡು ದಿನದ ಮೇಲೆ ಕೇಳಿದ್ದರೆ ಉತ್ತರ ಬೇರೆ ಇರುತ್ತಿತ್ತು.

ಡೆರೆಕ್‌ನ ಮನೆ

ಕಾರ್ನ್‌ವಾಲ್ ಎನ್ನುವುದು ಇಂಗ್ಲೆಂಡಿನ ನೈಋತ್ಯದ ಮೂಲೆಯಲ್ಲಿ ಸಮುದ್ರಕ್ಕೆ ಚಾಚಿಕೊಂಡ ನೆಲ. ಅದರ ಅಂಚಿನ ಒಂದು ಮೀನುಗಾರರ ಊರಿನಲ್ಲಿ ಡೆರೆಕ್ ಎಂಬ ಮುದುಕನ ಮನೆಯಲ್ಲಿ ನನ್ನ ವಾಸ. ದೋಣಿ ಕಟ್ಟುವ ಬಡಗಿಯಾಗಿದ್ದವನು, ಈಗ ಜೆನ್ನಿಯ ನಾಟಕಕ್ಕೆ ವೇದಿಕೆ ಕಟ್ಟಿಕೊಡುತ್ತಿದ್ದ. ಮಾತು ಕಡಿಮೆ. ಪ್ರತಿ ಅರ್ಧ ಗಂಟೆಗೊಮ್ಮೆ ಹೇಳದೆ ಕೇಳದೆ ನನ್ನ ಮುಂದೆ ಒಂದು ಲೋಟ ಚಹಾ ಇಡುತ್ತಿದ್ದ. ನಮ್ಮಲ್ಲಿ "ಕಾಫಿ ತಗೋತೀರಾ", "ಬೇಡ ಬೇಡ", "ಸ್ವಲ್ಪನೇ" ಎಂದು ಮೂರು ಸುತ್ತು ನಡೆಯಬೇಕಾದ ವ್ಯವಹಾರ ಅಲ್ಲಿ ಒಂದು ಟಕ್ ಸದ್ದಿನಲ್ಲಿ ಮುಗಿಯುತ್ತಿತ್ತು.

ಇಪ್ಪತ್ತೈದು ವರ್ಷಕ್ಕೂ ಹಿಂದೆ ಆ ಊರಿನ ಮೇಲೆ ಖಗ್ರಾಸ ಸೂರ್ಯಗ್ರಹಣ ಹಾದುಹೋಯಿತು. ಬೆಳಗಿನ ಹನ್ನೊಂದು ದಾಟಿದ ಮೇಲೆ ಎರಡು ನಿಮಿಷ. ದೇಶದ ಎಲ್ಲ ಕಡೆಯಿಂದ ಜನ ಬಂದು, ಕಪ್ಪು ಕನ್ನಡಕ ಹಾಕಿಕೊಂಡು ಬಂದರಿನ ಕಟ್ಟೆಯ ಮೇಲೆ ನಿಂತರು. ಆಕಾಶದ ತುಂಬ ಮೋಡ. ಯಾರಿಗೂ ಏನೂ ಕಾಣಲಿಲ್ಲ. ಕತ್ತಲಾಯಿತು, ಕಡಲಹಕ್ಕಿಗಳು ಸುಮ್ಮನಾದವು, ಮತ್ತೆ ಬೆಳಕಾಯಿತು. ಇದನ್ನು ಕೇಳಿ ನನಗೆ ನಗು ತಡೆಯಲಾಗಲಿಲ್ಲ. ನಮ್ಮ ರಾಜಾಜಿನಗರದಲ್ಲಿ ನಿರಭ್ರ ಆಕಾಶವಿತ್ತು, ಜನ ಬಾಗಿಲು ಹಾಕಿಕೊಂಡು ಒಳಗೆ ಕೂತರು. ಇಲ್ಲಿ ಜನರೆಲ್ಲ ಹೊರಗೆ ನಿಂತರು, ಆಕಾಶವೇ ಬಾಗಿಲು ಹಾಕಿಕೊಂಡಿತು.

"ನಾನು ನೋಡಿದೆ," ಎಂದ ಡೆರೆಕ್, ಚಹಾ ಇಡುತ್ತ. "ಕಪ್ಪು ಬಿಲ್ಲೆ, ಸುತ್ತ ಬೆಳ್ಳಿ ಅಂಚು."

"ಮೋಡ ಇತ್ತಲ್ಲ?"

"ಇತ್ತು."

"ಮತ್ತೆ ಹೇಗೆ ನೋಡಿದಿರಿ?"

"ಅದು ಗೊತ್ತಿಲ್ಲ. ಆದರೆ ನೋಡಿದೆ," ಎಂದ.

ಜೆನ್ನಿಯ ಪ್ರಯೋಗದ ಹೂರಣವೇ ಇದು. ಕಾಣದ ಗ್ರಹಣವನ್ನು ಕಂಡಂತೆ ನೆನಪಿಟ್ಟುಕೊಂಡ ಊರು. ಆಕೆ ಅರ್ಧ ಊರಿನ ನೆನಪುಗಳನ್ನು ಧ್ವನಿಮುದ್ರಿಸಿಕೊಂಡಿದ್ದಳು. ಪತ್ರಿಕೆಯಲ್ಲಿ ನೋಡಿದ ಚಿತ್ರವನ್ನು ಈ ಮುದುಕ ತನ್ನ ಕಣ್ಣಿನದೆಂದು ತಿಳಿದಿದ್ದಾನೆ, ಪಾಪ, ಎಂದುಕೊಂಡೆ. ಮನುಷ್ಯನ ನೆನಪು ಎಷ್ಟು ಸುಲಭವಾಗಿ ಕೆಡುತ್ತದೆ ಎಂಬುದರ ಮೇಲೆ ಅವನಿಗೆ ಒಂದು ಚಿಕ್ಕ ಉಪನ್ಯಾಸವನ್ನೂ ಕೊಟ್ಟೆ. ತಲೆ ಆಡಿಸುತ್ತ ಕೇಳಿದ.

ಮೀನಿನ ಗೋದಾಮು

ಶುಕ್ರವಾರ ತಾಲೀಮು. ಬಂದರಿನ ಪಕ್ಕದ ಹಳೆಯ ಮೀನಿನ ಗೋದಾಮಿನಲ್ಲಿ ಡೆರೆಕ್ ಕಟ್ಟಿದ ಹಲಗೆಯ ವೇದಿಕೆ. ಅಲ್ಲಿ ಒನಕೆ ನಿಲ್ಲಲಿಲ್ಲ. ಎರಡು ಗಂಟೆ ಪ್ರಯತ್ನಿಸಿದೆ. ಹಲಗೆ ಬಳುಕುತ್ತದೆ, ಯಾರಾದರೂ ನಡೆದರೆ ಅದುರುತ್ತದೆ ಎಂದು ಜೆನ್ನಿಗೆ ವಿವರಿಸಿದೆ. "ಚಿಂತೆ ಬೇಡ, ಡೆರೆಕ್ ಸರಿಮಾಡುತ್ತಾನೆ," ಎಂದಳು. ಬರಿಮೈಯಲ್ಲಿ ಪಂಚೆ ಉಟ್ಟು ಬರಬಹುದೇ ಎಂದೂ ಕೇಳಿದಳು. ನಮ್ಮಪ್ಪ ಕೂಡ ಸ್ನಾನದ ಮನೆಯ ಹೊರಗೆ ಬರಿಮೈಯಲ್ಲಿ ಓಡಾಡಿದವರಲ್ಲ ಎಂದು ಹೇಳಿ, ಪ್ಯಾಂಟು ಶರಟಿನಲ್ಲೇ ಬರುವುದಾಗಿ ತಿಳಿಸಿದೆ.

ಶನಿವಾರ ಬೆಳಿಗ್ಗೆ ಸುಮಾರು ಎಂಬತ್ತು ಜನ ಬಂದರು. ಬಾಗಿಲಲ್ಲಿ ಎಲ್ಲರಿಗೂ ರಟ್ಟಿನ ಕನ್ನಡಕ, ಒಂದು ಹಾಳೆ. ತಲೆಯ ಮೇಲೆ ಗೋದಾಮಿನ ಉದ್ದಕ್ಕೂ ಬೂದುಬಣ್ಣದ ಹಾಯಿಬಟ್ಟೆ ಕಟ್ಟಿದ್ದರು, ಅದೇ ಮೋಡ. ಜನ ಕತ್ತೆತ್ತಿ ಆ ಬಟ್ಟೆಯನ್ನು ಮುಕ್ಕಾಲು ಗಂಟೆ ನೋಡಬೇಕು. ಏನೂ ಆಗುವುದಿಲ್ಲ. ಧ್ವನಿಪೆಟ್ಟಿಗೆಗಳಿಂದ ಊರಿನವರ ನೆನಪುಗಳು ಒಂದರ ಮೇಲೊಂದು ಬರುತ್ತವೆ: ನನ್ನ ನಾಯಿ ಕುರ್ಚಿಯ ಕೆಳಗೆ ಸೇರಿತು, ನಾನು ಅತ್ತೆ, ನಾನು ಸ್ಯಾಂಡ್‌ವಿಚ್ ತಿಂದೆ. ನಮ್ಮಲ್ಲಾಗಿದ್ದರೆ ಹತ್ತನೇ ನಿಮಿಷಕ್ಕೆ ಹಿಂದಿನ ಸಾಲಿನಿಂದ ಯಾರಾದರೂ "ಗುರು, ಶುರು ಮಾಡ್ರಪ್ಪಾ" ಎನ್ನುತ್ತಿದ್ದರು. ಇವರು ಕತ್ತು ನೋಯಿಸಿಕೊಂಡು ಮೌನವಾಗಿ ನೋಡಿದರು. ನನಗೆ ನಿಜವಾಗಿಯೂ ಹಿಡಿಸಿತು.

ಹನ್ನೊಂದೂಕಾಲಿಗೆ ಎಲ್ಲ ದೀಪ ಆರಿತು. ಎರಡು ನಿಮಿಷ ಕತ್ತಲು. ಆ ಕತ್ತಲಲ್ಲಿ ನಾನು ವೇದಿಕೆಯ ಮೇಲಿನ ತಾಂಬಾಳದಲ್ಲಿ ಒನಕೆ ನಿಲ್ಲಿಸಬೇಕು. ಇಟ್ಟೆ. ತಳ ತಟ್ಟೆಗೆ ತಾಗಿದ ಕೂಡಲೇ, ಯಾರೋ ಕೆಳಗಿನಿಂದ ಹಿಡಿದುಕೊಂಡಂತೆ, ನಿಂತಿತು. ಕೈ ಬಿಟ್ಟೆ. ದೀಪ ಬಂದಾಗ ಒನಕೆ ಒಂದೇ, ನೆಟ್ಟಗೆ, ನೀರಿನ ನಡುವೆ. ಎಂಬತ್ತು ಜನ ಒಟ್ಟಿಗೆ ಉಸಿರೆಳೆದುಕೊಂಡರು. ನನಗೆ ಮತ್ತೆ ಒಂಬತ್ತು ವರ್ಷವಾಯಿತು. ಕಣ್ಣಲ್ಲಿ ನೀರು ಬಂತು, ಒಪ್ಪಿಕೊಳ್ಳುತ್ತೇನೆ.

ಆಮೇಲೆ ಆ ಹಾಳೆ ಓದಿದೆ. "ಭಾರತದ ಹಳ್ಳಿಯೊಂದರ ಹಿರಿಯರು ಗ್ರಹಣದ ಪ್ರಾಚೀನ ಶಕ್ತಿಯನ್ನು ವೇದಿಕೆಗೆ ಕರೆಯುತ್ತಾರೆ" ಎಂದಿತ್ತು. ಹಳ್ಳಿ! ನಮ್ಮ ಬೀದಿಯೊಂದರಲ್ಲೇ ಎರಡು ಹಲ್ಲಿನ ಕ್ಲಿನಿಕ್ಕು, ಮೂರು ಟ್ಯೂಷನ್ ಸೆಂಟರು ಇವೆ, ಸ್ಕೂಟರು ನಿಲ್ಲಿಸಲು ಜಾಗವಿಲ್ಲ. ಅದು ಹೋಗಲಿ. ಯಾವ ಶಕ್ತಿಯೂ ಇಲ್ಲ ಎಂದು ತೋರಿಸಲು ಸಮುದ್ರ ದಾಟಿ ಬಂದವನನ್ನು ಶಕ್ತಿ ಕರೆಯುವವನನ್ನಾಗಿ ಮಾಡಿದ್ದರು.

"ಅದು ಪ್ರಚಾರದವರು ಬರೆದದ್ದು," ಎಂದಳು ಜೆನ್ನಿ. "ಜನ ಏನು ನೋಡಿದರು ಅನ್ನುವುದು ಮುಖ್ಯ."

ಜನ ಏನು ನೋಡಿದ್ದರು ಎಂಬುದು ನನಗೆ ಊಟದ ಹೊತ್ತಿಗೆ ಗೊತ್ತಾಯಿತು.

ಡೆರೆಕ್‌ನ ಅಡುಗೆಮನೆ

ಡೆರೆಕ್ ಮೀನಿನ ಕಡುಬು ಬಿಸಿಮಾಡುತ್ತ, ನನಗೆ ಬೇಯಿಸಿದ ಆಲೂಗಡ್ಡೆ ಹಾಕುತ್ತ, ಯಾವ ಕಪಟವೂ ಇಲ್ಲದೆ ಕೇಳಿದ. "ಅಯಸ್ಕಾಂತ ಸಾಕಾಯಿತೇ? ಇನ್ನೊಂದು ಇದೆ, ಬೇಕಾದರೆ ಸೇರಿಸುತ್ತೇನೆ."

"ಯಾವ ಅಯಸ್ಕಾಂತ?"

ಅವನ ಕೈಯಲ್ಲಿದ್ದ ಚಮಚ ನಿಂತಿತು. ನನಗೆ ಗೊತ್ತಿದೆ ಎಂದು ಜೆನ್ನಿ ಅವನಿಗೆ ಹೇಳಿದ್ದಳಂತೆ. ತಾಂಬಾಳದ ಕೆಳಗೆ ಹಲಗೆ ಕೊರೆದು, ದೋಣಿ ಕಾರ್ಖಾನೆಯ ದೊಡ್ಡ ಅಯಸ್ಕಾಂತವೊಂದನ್ನು ಕೂರಿಸಿದ್ದ. ಹಿತ್ತಾಳೆಗೆ ಅದರ ಗೊಡವೆಯಿಲ್ಲ, ಒನಕೆಯ ಕಬ್ಬಿಣದ ಬಳೆಗೆ ಇದೆ. ಮೂವತ್ತು ವರ್ಷ ಕಾಂತತ್ವ ಪಾಠ ಮಾಡಿದ ನನ್ನ ಕೈ ಆ ಸೆಳೆತವನ್ನು ಮುಟ್ಟಿಯೂ ಗುರುತಿಸಿರಲಿಲ್ಲ.

ಊಟ ಬಿಟ್ಟು ಗೋದಾಮಿಗೆ ನಡೆದೆ. ಜೆನ್ನಿ ಹಾಯಿಬಟ್ಟೆಯ ಹಗ್ಗ ಬಿಗಿಯುತ್ತಿದ್ದಳು.

"ನೀವು ನನ್ನ ಕೈಯಲ್ಲಿ ಪವಾಡ ಮಾಡಿಸಿದಿರಿ," ಎಂದೆ. "ನಮ್ಮ ದೇಶದಲ್ಲಿ ಇಂಥವರ ವಿರುದ್ಧ ನಾನು ಭಾಷಣ ಮಾಡುತ್ತೇನೆ."

"ಶಿವ, ನೆನ್ನೆ ಅದು ನಿಲ್ಲಲಿಲ್ಲ."

"ನಿಲ್ಲದಿದ್ದರೆ ನಿಲ್ಲಲಿಲ್ಲ ಎಂದು ತೋರಿಸಬೇಕು."

"ಒಂಬತ್ತನೆಯ ವಯಸ್ಸಿನಲ್ಲಿ ನಿಲ್ಲಿಸಿದೆ ಎಂದು ಹೇಳಿದವರು ನೀವು. ಅದನ್ನು ನಂಬಿ ಈ ಎರಡು ನಿಮಿಷ ಕಟ್ಟಿದ್ದೇನೆ. ನಿಮ್ಮ ಕಥೆ ಸುಳ್ಳಾಗಬಾರದು ಎಂದೇ ಅಯಸ್ಕಾಂತ ಇಡಿಸಿದೆ."

ನನ್ನ ಕಥೆಯನ್ನು ಉಳಿಸಲು ಈಕೆ ಯಾರು? ಅದಕ್ಕೆ ಆಸರೆ ಬೇಕಾಗಿರಲಿಲ್ಲ. ಒನಕೆ ಎತ್ತಿಕೊಂಡು ಡೆರೆಕ್‌ನ ಹಿತ್ತಲಿಗೆ ಬಂದೆ. ಅಲ್ಲಿ ಕಲ್ಲು ಹಾಸಿದ ಅಂಗಳ, ಹಲಗೆಯ ನೆಪವಿಲ್ಲ. ಒಂದು ಗಂಟೆ ಪ್ರಯತ್ನಿಸಿದೆ. ಬಿತ್ತು. ಎರಡು ಗಂಟೆಯಾಯಿತು, ಆಗಲೂ ಬಿತ್ತು. ಒಂದು ಸಲ ನನ್ನ ಕಾಲಿನ ಮೇಲೇ ಬಿತ್ತು. ಆಗ ಮೊದಲ ಬಾರಿಗೆ ಒಂದು ಸಂಶಯ ಬಂತು. ಒಂಬತ್ತು ವರ್ಷದ ಹುಡುಗ ಒಂದೇ ಸಲಕ್ಕೆ ನಿಲ್ಲಿಸಿದ್ದನ್ನು ಐವತ್ತೈದು ದಾಟಿದ ಭೌತಶಾಸ್ತ್ರದ ಮೇಷ್ಟ್ರಿಗೆ ಮಾಡಲಾಗುತ್ತಿಲ್ಲವೆಂದರೆ, ಆ ಹುಡುಗ ನಿಜವಾಗಿಯೂ ನಿಲ್ಲಿಸಿದ್ದನೇ?

ಫೋನು

ಕಾರ್ನ್‌ವಾಲ್‌ನಲ್ಲಿ ಮಧ್ಯಾಹ್ನ ಮೂರು, ಬೆಂಗಳೂರಿನಲ್ಲಿ ಸಂಜೆ ಏಳೂವರೆ. ಅಕ್ಕನಿಗೆ ಫೋನು ಮಾಡಿದೆ. ನಾನು ಒನಕೆ ನಿಲ್ಲಿಸಿದ ದಿನ ಅವಳಿಗೆ ಹದಿಮೂರು ವರ್ಷ, ಅಂಗಳದಲ್ಲೇ ಇದ್ದಳು.

"ಅಕ್ಕಾ, ಗ್ರಹಣದ ಮಾರನೇ ದಿನ ನಾನು ಒನಕೆ ನಿಲ್ಲಿಸಿದ್ನಲ್ಲ, ನಿನಗೆ ನೆನಪಿದೆಯಾ?"

"ಯಾಕೋ, ಅಲ್ಲಿ ನಿಲ್ತಾ ಇಲ್ವಾ?"

"ಕೇಳಿದ್ದಕ್ಕೆ ಹೇಳು."

ಹಿಂದೆ ಅವಳ ಮನೆಯ ಕುಕ್ಕರ್ ಕೂಗಿತು.

"ಶಿವು, ಬೇಜಾರ್ ಮಾಡ್ಕೋಬೇಡ. ಬೆಳಿಗ್ಗೆಯಿಂದ ಕೂತು ಅಳ್ತಾ ಇದ್ದೆ ನೀನು. ನಿಲ್ತಾನೇ ಇರ್ಲಿಲ್ಲ. ಆ ಮಾಲೀಕರಜ್ಜಿ ಬೇರೆ ಜಗಲಿ ಮೇಲೆ ಕೂತು ನಗ್ತಾ ಇದ್ರು. ಅಮ್ಮ ನೋಡೀ ನೋಡೀ, ನಿನ್ನ ಮುಖ ತೊಳ್ಕೊಂಡು ಬಾ ಅಂತ ಕಳಿಸಿ, ಒನಕೆ ತಳಕ್ಕೆ ಚಪಾತಿ ಹಿಟ್ಟು ಮೆತ್ತಿದ್ಲು. ಕಾಣಬಾರ್ದು ಅಂತ ನೀರಿಗೆ ಅರಿಶಿನ ಹಾಕಿದ್ಲು. ನಾನೇ ಡಬ್ಬಿ ತಂದುಕೊಟ್ಟಿದ್ದು."

ನನ್ನ ನೆನಪಿನಲ್ಲಿ ಆ ನೀರು ಯಾವಾಗಲೂ ಹಳದಿಯೇ. ಯಾಕೆ ಹಳದಿ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?" ನನ್ನ ದನಿ ಏರಿತ್ತು. "ಎಷ್ಟು ಕಡೆ ಆ ಕಥೆ ಹೇಳಿದೀನಿ ಗೊತ್ತಾ? ಎಷ್ಟು ಜನದ ಮುಂದೆ?"

"ಗೊತ್ತಿಲ್ದೆ ಏನು. ಅಮ್ಮ ಮೊದಲನೇ ಸಾಲಲ್ಲಿ ಕೂತು ಕೇಳ್ತಿದ್ಲು. ಅವಳೇ ಸುಮ್ಮನಿದ್ಳಲ್ಲ, ನಾನು ಯಾಕೆ ಬಾಯಿ ಹಾಕ್ಲಿ?"

ಆ ಸಿಟ್ಟಿನಲ್ಲೇ ಜೆನ್ನಿ ಮಾಡಿದ್ದನ್ನೂ ಹೇಳಿದೆ. ಮೋಸಗಾತಿ ಎಂದೆ. ಅಕ್ಕ ಪೂರ್ತಿ ಕೇಳಿ, "ಅಲ್ಲ ಕಣೋ, ಅಮ್ಮ ಹಿಟ್ಟು ಮೆತ್ತಿದ್ರೆ ಪ್ರೀತಿ, ಆ ಹೆಂಗಸು ಕಬ್ಬಿಣ ಇಟ್ರೆ ಮೋಸಾನಾ?" ಎಂದಳು.

"ಎರಡೂ ಮೋಸಾನೇ," ಎಂದೆ.

"ಹಾಗಾದ್ರೆ ನೀನೇ ಸರಿಯಾಗಿ ನಿಲ್ಲಿಸು ಹೋಗು," ಎಂದು ಕುಕ್ಕರ್ ಇಳಿಸಲು ಹೋದಳು.

ಅವಳ ನೆನಪು ಮಾತ್ರ ನಿಜವೆಂದು ನಂಬಲು ನನಗೆ ಯಾವ ಆಧಾರವಿತ್ತು? ಅವಳೂ ಡೆರೆಕ್‌ನ ಹಾಗೆ ಕಾಣದ್ದನ್ನು ಕಂಡಿರಬಹುದು. ಅಮ್ಮ ಇಲ್ಲ, ವಠಾರವಿಲ್ಲ, ಆ ಅಂಗಳದ ಮೇಲೆ ಈಗ ನಾಲ್ಕು ಮಹಡಿ ಎದ್ದಿದೆ. ಉಳಿದಿರುವ ಸಾಕ್ಷಿ ಈ ಒನಕೆಯೊಂದೇ. ಅದು ಗ್ರಹಣವಿಲ್ಲದೆ, ಹಿಟ್ಟಿಲ್ಲದೆ, ಅಯಸ್ಕಾಂತವಿಲ್ಲದೆ ನಿಲ್ಲುತ್ತದೆಯೇ ಇಲ್ಲವೇ? ನಿಲ್ಲದಿದ್ದರೆ ಮಾಲೀಕರ ತಾಯಿಯ ನಗು ಸರಿ, ನನ್ನ ಅಷ್ಟೂ ಭಾಷಣ ಸುಳ್ಳು.

ಭಾನುವಾರ

ಬೆಳಿಗ್ಗೆ ಡೆರೆಕ್‌ಗೆ ಹೇಳಿ ತಾಂಬಾಳವನ್ನು ವೇದಿಕೆಯಿಂದ ಇಳಿಸಿ ಗೋದಾಮಿನ ಕಲ್ಲುನೆಲದ ಮೇಲೆ ಇಡಿಸಿದೆ. ಅವನು ಮಟ್ಟಗೋಲು ತಂದು ನೆಲದ ಸಮ ಹುಡುಕಿದ. ಜೆನ್ನಿ ಬಂದು ನೋಡಿ, "ನಿಲ್ಲದಿದ್ದರೆ?" ಎಂದಳು. "ನಿಲ್ಲಲಿಲ್ಲ ಎಂದು ಗೊತ್ತಾಗುತ್ತದೆ," ಎಂದೆ. ಆಕೆಗೆ ಬೇರೆ ದಾರಿ ಇರಲಿಲ್ಲ, ಜನ ಬಾಗಿಲಲ್ಲಿದ್ದರು.

ಎರಡು ನಿಮಿಷದ ಕತ್ತಲು ಮುಗಿದು ದೀಪ ಬಂದಾಗ ನಾನು ಒನಕೆ ಹಿಡಿದುಕೊಂಡೇ ನಿಂತಿದ್ದೆ. ಯಾರೂ ಉಸಿರೆಳೆಯಲಿಲ್ಲ. ಯಾರೋ ಕೆಮ್ಮಿದರು.

"ಇದು ನಿಂತಿಲ್ಲ," ಎಂದು ಜನರಿಗೆ ಹೇಳಿದೆ. "ನೆನ್ನೆ ನಿಂತದ್ದು ಅಯಸ್ಕಾಂತದಿಂದ. ನಿಮ್ಮ ಕೈಯಲ್ಲಿರುವ ಹಾಳೆಯಲ್ಲಿ ಬರೆದದ್ದು ತಪ್ಪು. ನಾನು ಹಳ್ಳಿಯವನಲ್ಲ, ನನಗೆ ಯಾವ ಶಕ್ತಿಯೂ ಇಲ್ಲ. ಚಿಕ್ಕವನಿದ್ದಾಗ ಇದನ್ನು ನಿಲ್ಲಿಸಿದೆ ಎಂದು ತಿಳಿದಿದ್ದೆ, ಅದೂ ಅನುಮಾನ. ಈಗ ಪ್ರಯತ್ನಿಸುತ್ತೇನೆ. ಹೋಗಬೇಕಾದವರು ಹೋಗಬಹುದು."

ಕೆಲವರು ಹೋದರು. ಅವರೂ "ಕ್ಷಮಿಸಿ" ಎಂದು ಪಿಸುಗುಟ್ಟಿ, ಬಗ್ಗಿಕೊಂಡು ಹೋದರು. ನಮ್ಮೂರಾಗಿದ್ದರೆ ಇಷ್ಟರಲ್ಲಿ ಹತ್ತು ಜನ ಎದ್ದು ಬಂದು, "ಕೊಡಿ ಸಾರ್ ಇಲ್ಲಿ, ನಿಮ್ ಕೈಲಾಗಲ್ಲ" ಎಂದು ಒನಕೆ ಕಿತ್ತುಕೊಳ್ಳುತ್ತಿದ್ದರು. ಇವರು ಕೂತರು. ಮೋಡದ ಕೆಳಗೆ ಕೂತು ಅಭ್ಯಾಸವಾದ ಜನ. ಒಬ್ಬಾಕೆ ಫ್ಲಾಸ್ಕು ತೆರೆದು ಪಕ್ಕದವರಿಗೆಲ್ಲ ಚಹಾ ಹಂಚಿದಳು.

ಒನಕೆ ಎಡಕ್ಕೆ ವಾಲಿತು, ಹಿಡಿದೆ. ಮುಂದಕ್ಕೆ ವಾಲಿತು, ಹಿಡಿದೆ. ಮುಕ್ಕಾಲು ಗಂಟೆ ಕಳೆದಿರಬೇಕು. ಡೆರೆಕ್ ಬಂದು ಮೊಣಕಾಲೂರಿ ಕೂತು ಕಬ್ಬಿಣದ ಬಳೆಯನ್ನು ಬೆರಳಿನಿಂದ ಸುತ್ತಲೂ ತಡವಿದ.

"ಒಂದು ಕಡೆ ಸವೆದಿದೆ," ಎಂದ. "ಕುಟ್ಟುವವರು ಯಾವಾಗಲೂ ಒಂದೇ ಕಡೆಗೆ ವಾಲಿಸಿ ಕುಟ್ಟಿದ್ದಾರೆ. ನೆಲವೂ ಈ ಕಡೆ ಕೂದಲೆಳೆಯಷ್ಟು ಏರಿದೆ, ಸವೆದ ಬದಿ ಇತ್ತ ಬರಲಿ. ಕಾಲು ಸುತ್ತು ತಿರುಗಿಸಿ."

ತಿರುಗಿಸಿದೆ. ಬೆರಳುಗಳ ನಡುವೆ ಒನಕೆಯ ಭಾರ ಕಡಿಮೆಯಾಗುತ್ತ ಬಂದು, ಒಂದು ಗಳಿಗೆಯಲ್ಲಿ ಇಲ್ಲವೇ ಇಲ್ಲ ಎನಿಸಿತು. ಕೈ ತೆಗೆದೆ. ಒಂದು ಹೆಜ್ಜೆ ಹಿಂದೆ ಸರಿದೆ. ನೀರಿನಲ್ಲಿ ಸಣ್ಣದೊಂದು ಉಂಗುರ ಎದ್ದು, ಅಂಚಿಗೆ ಹೋಗಿ ಮುಗಿಯಿತು. ಒನಕೆ ನಿಂತಿತ್ತು.

ಚಪ್ಪಾಳೆ ತಟ್ಟಿದರೆ ಬೀಳುತ್ತದೆಂದು ಯಾರೂ ತಟ್ಟಲಿಲ್ಲ. ಜೆನ್ನಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು.

"ಡೆರೆಕ್, ಗಡಿಯಾರ ನೋಡಿ ಎಲ್ಲಾದರೂ ಬರೆದಿಡಿ," ಎಂದೆ. "ನಾನು ನೆನಪಿಟ್ಟುಕೊಳ್ಳುವುದಿಲ್ಲ."

ಆತ ಕಿವಿಯ ಹಿಂದಿದ್ದ ಪೆನ್ಸಿಲ್ ತೆಗೆದು ವೇದಿಕೆಯ ಹಲಗೆಯ ಮೇಲೆ ಬರೆದುಕೊಂಡ. ನಾನು ಮುಂದೆ ಹೋಗಿ ಒನಕೆಯನ್ನು ಹಿಡಿದು ತಾಂಬಾಳದಿಂದ ಎತ್ತಿಬಿಟ್ಟೆ. ಗೋದಾಮಿನ ತುಂಬ ಒಂದು ನರಳಿಕೆ.

"ಯಾಕೆ?" ಎಂದಳು ಜೆನ್ನಿ. ಆಕೆಗೆ ನಿಜವಾಗಿಯೂ ಸಿಟ್ಟು ಬಂದಿತ್ತು. "ನಿಂತಿತ್ತಲ್ಲ! ಎಲ್ಲರೂ ನೋಡಿದರಲ್ಲ!"

"ವಠಾರದಲ್ಲಿಯೂ ಎಲ್ಲರೂ ನೋಡಿದ್ದರು," ಎಂದೆ. "ಒಂದು ಸಲ ನಿಂತದ್ದನ್ನು ನಂಬಿಕೊಂಡು ಇಷ್ಟು ವರ್ಷ ಕಳೆದಿದ್ದೇನೆ. ಅದು ಸಾಕು. ಇನ್ನೊಂದು ಸಲ ನಿಲ್ಲಿಸುತ್ತೇನೆ."

ತಾಂಬಾಳದ ನೀರು ಚೆಲ್ಲಿ ಹೊಸ ನೀರು ಹಾಕಿದೆ. ಕೂತವರು ಯಾರೂ ಏಳಲಿಲ್ಲ. ಡೆರೆಕ್ ಹಲಗೆಯ ಮೇಲೆ ಬರೆದಿದ್ದ ಹನ್ನೆರಡು ಗಂಟೆ ಏಳು ನಿಮಿಷದ ಕೆಳಗೆ ಎರಡು ಎಂಬ ಅಂಕಿ ಹಾಕಿ, ಅದರ ಮುಂದೆ ಜಾಗ ಬಿಟ್ಟು, ಪೆನ್ಸಿಲ್ ಹಿಡಿದು ಕಾದ.